ಮೂರನೇ ಫ್ರೆಟ್‌ನಲ್ಲಿ ಸಿಕ್ಕ ಶಂಕರಾಭರಣ

ಟೆಕ್ಸಸ್‌ಗೆ ಬಂದವರು ಏನೇನೋ ಕೊಳ್ಳುತ್ತಾರೆ. ನಾನು ಸೆಕೆಂಡ್ ಹ್ಯಾಂಡ್ ಪೆಡಲ್ ಸ್ಟೀಲ್ ಗಿಟಾರ್ ಕೊಂಡೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು, "ಏನೋ ಇದು, ಇಸ್ತ್ರಿ ಟೇಬಲ್‌ಗೆ ತಂತಿ ಕಟ್ಟಿಸಿಕೊಂಡಿದ್ದೀಯಾ?"

ಮಾತೇನೂ ತಪ್ಪಲ್ಲ. ನಾಲ್ಕು ಕಾಲಿನ ಮೇಲೆ ನಿಂತಿರುವ ಹಲಗೆ, ಅದರ ಮೇಲೆ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ಬಾರ್, ಬಲಗೈ ಬೆರಳಿಗೆ ಪಿಕ್, ಎಡಗಾಲಿಗೆ ಮೂರು ಪೆಡಲ್, ಬಲಗಾಲಿಗೆ ವಾಲ್ಯೂಮ್. ಇಷ್ಟು ಸಾಲದು ಅಂತ ಎರಡೂ ಮಂಡಿಗೆ ಲಿವರ್‌ಗಳು. ಪೆಡಲ್ ಒತ್ತಿದರೆ ಕೆಲವು ತಂತಿಗಳ ಶ್ರುತಿ ಮಾತ್ರ ಏರುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. 1953ರಲ್ಲಿ ಸ್ಟೀಲ್ ಗಿಟಾರ್ ವಾದಕ ಬಡ್ ಐಸಾಕ್ಸ್ ಒಂದು ರೆಕಾರ್ಡಿಂಗ್‌ನಲ್ಲಿ ನಾದ ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ ಆ ಜಾರಿಕೆ ಕೇಳಿಸಿದ ಮೇಲೆ ಕಂಟ್ರಿ ಸಂಗೀತದ ಊರು ನ್ಯಾಶ್‌ವಿಲ್‌ನಲ್ಲಿ ಎಲ್ಲರಿಗೂ ಅದೇ ಬೇಕಾಯಿತು.

ಸಮಸ್ಯೆ ಶುರುವಾಗಿದ್ದು ಕಾರ್ಡ್‌ಗಳ, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪಿನ, ಹೆಸರುಗಳಿಂದ. ಪ್ರಿಂಟ್ ತೆಗೆದಿಟ್ಟ ಚಾರ್ಟ್‌ನಲ್ಲಿ ನೂರಾರು ಚೌಕ. ಇಷ್ಟನೇ ಫ್ರೆಟ್ (ಬಾರ್ ಇಡುವ ಗೆರೆ, ಒಂದೊಂದಕ್ಕೂ ಅರ್ಧ ಸ್ವರ ಏರುತ್ತದೆ), ಈ ಪೆಡಲ್, ಈ ತಂತಿಗಳು, ಹೆಸರು ಇದು. ಬಾಯಿಪಾಠ ಮಾಡೋಣ ಅಂತ ಕೂತೆ. ಎರಡು ವಾರ ಏನು ನುಡಿಸಿದರೂ ಅಪಸ್ವರ. ಆಮೇಲೆ ಗೊತ್ತಾಗಿದ್ದು, ಒಂದನೇ ತಂತಿ ಅಂದರೆ ನನ್ನಿಂದ ದೂರದ್ದು, ಹತ್ತನೇದು ಹೊಟ್ಟೆ ಹತ್ತಿರದ್ದು. ನಾನು ಉಲ್ಟಾ ಎಣಿಸಿಕೊಂಡಿದ್ದೆ. ಆ ಚಾರ್ಟನ್ನು ಮಡಚಿ ಗಿಟಾರ್ ಕಾಲಿನ ಕೆಳಗೆ ಇಟ್ಟೆ, ಗ್ಯಾರೇಜ್ ನೆಲ ಸ್ವಲ್ಪ ಇಳಿಜಾರು, ಅದಕ್ಕಾದರೂ ಆಗಲಿ ಅಂತ.

ಚಿಕ್ಕವನಿದ್ದಾಗ ಅಮ್ಮನ ಹತ್ತಿರ ವರ್ಣದ ತನಕ ಪಾಠ ಆಗಿತ್ತು. ಒಂದು ರಾತ್ರಿ ಸುಮ್ನೆ ಕುತೂಹಲಕ್ಕೆ ತಂತಿಗಳ ಹೆಸರನ್ನು ಎಫ್ ಶಾರ್ಪ್, ಡಿ ಶಾರ್ಪ್ ಅನ್ನದೆ ಸ್ವರದಲ್ಲಿ ಬರೆದು ನೋಡಿದೆ. ಈ ಶ್ರುತಿಗೆ ಇ ನೈನ್ತ್ ಅಂತಾರೆ, ಹಾಗಾಗಿ ಇ ತಂತಿಯನ್ನೇ ಸ ಅಂತ ಇಟ್ಟುಕೊಂಡೆ. ಒಂದನೇ ತಂತಿಯಿಂದ ಹತ್ತರ ತನಕ: ರಿ, ನಿ, ಗ, ಸ, ಪ, ಗ, ರಿ, ಸ, ನಿ, ಪ. ಎರಡನೇ ತಂತಿಯದು ಕಾಕಲಿ ನಿಷಾದ, ಒಂಬತ್ತನೇದು ಅದಕ್ಕಿಂತ ಅರ್ಧ ಸ್ವರ ಕೆಳಗಿನ ಕೈಶಿಕಿ. ಬಾರ್ ಎಲ್ಲಿಟ್ಟರೂ ಈ ಸಂಬಂಧ ಬದಲಾಗಲ್ಲ. ಮೂರನೇ ಫ್ರೆಟ್‌ನಲ್ಲಿಟ್ಟರೆ ಸ ಅಂದರೆ ಜಿ, ಅಷ್ಟೇ.

ಈಗ ಪೆಡಲ್‌ಗಳು. ಮೂರಕ್ಕೂ ಎ, ಬಿ, ಸಿ ಅಂತ ಹೆಸರು, ಅದೇ ಹೆಸರಿನ ಸ್ವರಗಳಿಗೂ ಇದಕ್ಕೂ ಸಂಬಂಧವಿಲ್ಲ. ಎ ಪೆಡಲ್ ಪ ತಂತಿಗಳನ್ನು ದ ಮಾಡುತ್ತದೆ. ಬಿ ಪೆಡಲ್ ಗ ತಂತಿಗಳನ್ನು ಮ ಮಾಡುತ್ತದೆ. ಸಿ ಪೆಡಲ್ ನಾಲ್ಕನೇ ತಂತಿಯ ಸ ಅನ್ನು ರಿಗೂ, ಐದನೇದರ ಪ ಅನ್ನು ದಕ್ಕೂ ಏರಿಸುತ್ತದೆ. ಒಂದು ಮಂಡಿ ಲಿವರ್ ಸ ಅನ್ನು ಅರ್ಧ ಸ್ವರ ಇಳಿಸಿ ಕಾಕಲಿ ನಿಷಾದ ಮಾಡುತ್ತದೆ. ಇನ್ನೊಂದು ಅದೇ ಸ ಅನ್ನು ಅರ್ಧ ಸ್ವರ ಏರಿಸುತ್ತದೆ.

ಬಾರನ್ನು ಮೂರನೇ ಫ್ರೆಟ್‌ನಿಂದ ಅಲ್ಲಾಡಿಸದೆ ನೋಡಿ. ಏನೂ ಒತ್ತದೆ ಸ-ಗ-ಪ, ಜಿ ಮೇಜರ್. ಎ ಒತ್ತಿದರೆ ದ-ಸ-ಗ, ಇ ಮೈನರ್. ಎ ಮತ್ತು ಬಿ ಒಟ್ಟಿಗೆ ಒತ್ತಿದರೆ ಮ-ದ-ಸ, ಸಿ ಮೇಜರ್. ಬಿ ಮತ್ತು ಸಿ ಆದರೆ ರಿ-ಮ-ದ, ಎ ಮೈನರ್. ಸ ಇಳಿಸುವ ಲಿವರ್‌ಗೆ ಗ-ಪ-ನಿ, ಬಿ ಮೈನರ್. ಐದು, ಎರಡು, ಒಂದನೇ ತಂತಿಗಳಲ್ಲಿ ಪ-ನಿ-ರಿ ತಾನಾಗೇ ಇದೆ, ಅದು ಡಿ ಮೇಜರ್. ಬಿ ಪೆಡಲ್ ಒತ್ತಿ ಮೇಲಿನ ಮೂರು ತಂತಿ ಮೀಟಿದರೆ ನಿ-ರಿ-ಮ, ಎಫ್ ಶಾರ್ಪ್ ಡಿಮಿನಿಶ್ಡ್. ಏಳು ಸ್ವರಕ್ಕೆ ಏಳು ಕಾರ್ಡ್, ಇಡೀ ಶಂಕರಾಭರಣ, ಅಂದರೆ ಇವರ ಮೇಜರ್ ಸ್ಕೇಲ್, ಒಂದೇ ಫ್ರೆಟ್‌ನಲ್ಲಿ! ರಾತ್ರಿ ಹನ್ನೊಂದೂವರೆಗೆ ಗ್ಯಾರೇಜ್‌ನಲ್ಲಿ ಒಬ್ಬನೇ ಕೂತು ನಕ್ಕೆ. ಚಾರ್ಟ್‌ನಲ್ಲಿ ಇದೆಲ್ಲ ಇತ್ತು, ನನಗೆ ಕಂಡಿರಲಿಲ್ಲ.

ಜಾಗ ಹುಡುಕುವುದಕ್ಕೂ ಇದೇ ಲೆಕ್ಕ. ಜಿ ಮೇಜರ್ ಮೂರನೇ ಫ್ರೆಟ್‌ನಲ್ಲಿದೆ, ಇನ್ನೆಲ್ಲಿ ಸಿಗುತ್ತದೆ? ಎ ಮತ್ತು ಬಿ ಒತ್ತಿದಾಗ ಬರುವುದು ಮಧ್ಯಮದ ಕಾರ್ಡ್. ಮ ಜಿ ಆಗಬೇಕಾದರೆ ಸ ಡಿ ಆಗಬೇಕು, ಅಂದರೆ ಹತ್ತನೇ ಫ್ರೆಟ್. ಎ ಪೆಡಲ್ ಜೊತೆ ಸ ಏರಿಸುವ ಲಿವರ್ ಸೇರಿಸಿದರೆ ದ ಮೇಲೆ ಮೇಜರ್ ಕಾರ್ಡ್ ನಿಲ್ಲುತ್ತದೆ. ದ ಜಿ ಆಗುವುದು ಆರನೇ ಫ್ರೆಟ್‌ನಲ್ಲಿ. ಮೂರು, ಆರು, ಹತ್ತು. ನುಡಿಸುವವರೆಲ್ಲ ಜಪಿಸುವ ಈ ಮೂರು ಅಂಕಿ ಎಲ್ಲಿಂದ ಬಂತು ಅಂತ ಆವತ್ತು ತಿಳಿಯಿತು.

ಆದರೂ ಹೆಸರಿನ ವಿಷಯದಲ್ಲಿ ಒಂದು ಸಲ ಮುಖಭಂಗ ಆಯಿತು. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ತಗ್ಗು ಸ್ವರದ ವಾದ್ಯ ಬೇಸ್ ನುಡಿಸುತ್ತಾರೆ, ಶನಿವಾರ ಒಟ್ಟಿಗೆ ಕೂರುತ್ತೇವೆ. ಮೂರನೇ ಫ್ರೆಟ್‌ನಲ್ಲಿ ಎ ಮತ್ತು ಬಿ ಒತ್ತಿ ನಾಲ್ಕರಿಂದ ಏಳರ ತನಕ ತಂತಿ ಮೀಟಿ, "ಇದು ಎ ಮೈನರ್ ಸೆವೆಂತ್" ಅಂದೆ. ಸ್ವರ ರಿ-ಮ-ದ-ಸ, ಕೆಳಗಿನದು ಎ, ನನಗೆ ಅನುಮಾನವೇ ಇಲ್ಲ. ಅವರು ಬೇಸ್‌ನಲ್ಲಿ ಸಿ ಮೀಟಿ, "ಈಗ ಹೇಳು" ಅಂದರು. ಅಯ್ಯೋ, ಪೂರ್ತಿ ಸಿ ಸಿಕ್ಸ್ತ್! ನನ್ನ ಕೈಕಾಲು ಒಂದು ಕೂದಲೆಳೆಯೂ ಅಲ್ಲಾಡಿರಲಿಲ್ಲ.

ಫೋನಲ್ಲಿ ಹೇಳಿದರೆ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಗ್ರಹಭೇದ ಕಣೋ ಅದು. ಮೋಹನ ರಾಗದ ದ ಅನ್ನು ಷಡ್ಜ ಮಾಡ್ಕೋ, ಶುದ್ಧ ಧನ್ಯಾಸಿ ಬರಲ್ವಾ?" ಹೌದಲ್ವಾ. ಸಿ ಇಂದ ನೋಡಿದರೆ ಆ ನಾಲ್ಕು ಸ್ವರ ಮೋಹನದ ಸ-ಗ-ಪ-ದ. ಎ ಇಂದ ನೋಡಿದರೆ ಶುದ್ಧ ಧನ್ಯಾಸಿಯ ಸ-ಗ-ಪ-ನಿ. ಯಾವುದು ಷಡ್ಜ ಅಂತ ತೀರ್ಮಾನ ಮಾಡುವವರು ಬೇಸ್‌ನವರು, ನಾನಲ್ಲ. ಅದಕ್ಕೇ ಈಗ ನನ್ನ ಪುಸ್ತಕದಲ್ಲಿ ಕಾರ್ಡ್ ಹೆಸರು ಬರೆಯುವ ಮುಂಚೆ ಸ್ವರ ಬರೆದು, ಪಕ್ಕದಲ್ಲಿ ಬೇಸ್ ಏನು ಅಂತ ಒಂದು ಖಾನೆ ಹಾಕಿದ್ದೇನೆ.

ಒಂದು ಸಾಲು ಮಾತ್ರ ಇನ್ನೂ ಪೆನ್ಸಿಲ್‌ನಲ್ಲೇ ಇದೆ. ಸ ಏರಿಸುವ ಲಿವರ್ ಒಂದನ್ನೇ ತಳ್ಳಿ ಐದು, ಆರು, ಎಂಟು, ಒಂಬತ್ತನೇ ತಂತಿ ಮೀಟಿದರೆ ಡಿಮಿನಿಶ್ಡ್ ಸೆವೆಂತ್. ನಾಲ್ಕು ಸ್ವರ, ನಡುವೆ ಮೂರು ಮೂರು ಫ್ರೆಟ್‌ನ ಸಮ ಅಂತರ. ಬಾರನ್ನು ಮೂರು ಫ್ರೆಟ್ ಮುಂದೆ ಸರಿಸಿದರೆ ಮತ್ತೆ ಅವೇ ನಾಲ್ಕು. ಯಾವುದನ್ನು ಸ ಅಂದರೂ ನಡೆಯುತ್ತದೆ. ಅಮ್ಮನನ್ನು ಕೇಳಿದೆ. "ಒಲೆ ಮೇಲೆ ಸಾರಿದೆ, ನಾಳೆ ಮಾಡು" ಅಂತ ಫೋನ್ ಇಟ್ಟಳು.