60 ವ್ಯಾಟ್ ಬಲ್ಬು 814 ವ್ಯಾಟ್ ಆದ ಕಥೆ

ಮೊನ್ನೆ ಡ್ರಾಯರಿನಲ್ಲಿ ಹಳೇ 60 ವ್ಯಾಟ್ ಬಲ್ಬೊಂದು ಸಿಕ್ಕಿತು, ಒಳಗೆ ಟಂಗ್‌ಸ್ಟನ್ ತಂತಿ ಇರುತ್ತದಲ್ಲ, ಅಂಥದ್ದು. ಮಲ್ಟಿಮೀಟರ್ ಪಕ್ಕದಲ್ಲೇ ಇತ್ತು, ಸುಮ್ನೆ ಅದರ ರೋಧ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಅಳೆದೆ. 65 ಓಮ್. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಪವರ್ ಸಿಗುತ್ತದೆ ಅನ್ನುವ ಸೂತ್ರ ಶಾಲೆಯಿಂದಲೂ ಬಾಯಿಪಾಠ, ಹಾಗಾಗಿ ಮನೆಯ ಲೈನಿನ ವೋಲ್ಟೇಜ್ 230ರ ವರ್ಗ 52,900 ತೆಗೆದುಕೊಂಡು 65ರಿಂದ ಭಾಗಿಸಿದೆ. ಬಂದಿದ್ದು 814 ವ್ಯಾಟ್! ಅಷ್ಟಿದ್ದರೆ ಅದು ಬಲ್ಬಲ್ಲ, ಹೀಟರು.

ಸೂತ್ರ ಸರಿಯಾಗಿಯೇ ಇದೆ, ಮೀಟರೂ ಸರಿಯಾಗಿದೆ. ನಾನು ಅಳೆದದ್ದು ತಣ್ಣಗಿದ್ದ ಬಲ್ಬನ್ನು, ಲೆಕ್ಕ ಹಾಕಿದ್ದು ಉರಿಯುವ ಬಲ್ಬಿಗೆ.

ಉರಿಯುವಾಗ ಆ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತದೆ. ಟಂಗ್‌ಸ್ಟನ್ ಬಿಸಿಯಾದಷ್ಟೂ ಅದರ ರೋಧ ಜಾಸ್ತಿ. ಅದಕ್ಕೇ ಲೆಕ್ಕ ಹಿಡಿಯಬೇಕಾದದ್ದು ಅದು ಉರಿಯುತ್ತಿರುವಾಗಿನ ವೋಲ್ಟೇಜ್ ಮತ್ತು ಕರೆಂಟಿನಿಂದ. (ಕರೆಂಟ್ ಅಂದರೆ ಇಲ್ಲಿ 'ಕರೆಂಟ್ ಹೋಯ್ತು' ಅನ್ನುವಾಗಿನ ಕರೆಂಟ್ ಅಲ್ಲ, ಆಂಪಿಯರ್ ಲೆಕ್ಕದ್ದು.) 230 ವೋಲ್ಟಿಗೆ 0.26 ಆಂಪಿಯರ್ ಹರಿಯುತ್ತಿದೆ ಅಂದುಕೊಳ್ಳಿ. ಭಾಗಿಸಿದರೆ ರೋಧ: 885 ಓಮ್. ಗುಣಿಸಿದರೆ ಪವರ್: 59.8 ವ್ಯಾಟ್. ಉರಿಯುವಾಗಿನ ರೋಧ ತಣ್ಣಗಿದ್ದಾಗಿನದರ ಹದಿಮೂರು ಪಟ್ಟಿಗೂ ಹೆಚ್ಚು! ಸ್ವಿಚ್ ಹಾಕಿದ ಆ ಕ್ಷಣದಲ್ಲಿ ಮಾತ್ರ ತಂತಿ ಇನ್ನೂ ತಣ್ಣಗಿರುತ್ತದೆ, ಕರೆಂಟ್ ನುಗ್ಗಿ ಬರುತ್ತದೆ. ಹಳೇ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕೂಡಲೇ ಟಪ್ ಅಂತ ಹೋಗುತ್ತಿದ್ದುದು ಇದಕ್ಕೇ.

ರೋಧದ ಅಳತೆಗೆ ಯಾರ ಹೆಸರಿಟ್ಟಿದ್ದಾರೋ ಆ ಜರ್ಮನ್ ವಿಜ್ಞಾನಿ ಓಮ್ ಮಹಾಶಯನಿಗೂ ಇಂಥದ್ದೇ ತಲೆನೋವಿತ್ತು. ಆಗಿನ ಬ್ಯಾಟರಿಗಳ ವೋಲ್ಟೇಜ್ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಅವನು ಬಿಸ್ಮತ್ ಅನ್ನುವ ಲೋಹ ಮತ್ತು ತಾಮ್ರ ಸೇರಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಅದರಿಂದ ಬರುವ ಸ್ಥಿರವಾದ ವೋಲ್ಟೇಜಿನಲ್ಲಿ ಅಳೆದ. ಅವನ ನಿಯಮದ ಪುಸ್ತಕ ಬಂದದ್ದು 1827ರಲ್ಲಿ.

ನೀವೇ ಅಳೆದು ನೋಡಬೇಕು ಅನ್ನಿಸಿದರೆ 230 ವೋಲ್ಟಿನ ಹತ್ತಿರ ಹೋಗಬೇಡಿ. 12 ವೋಲ್ಟ್ ಬ್ಯಾಟರಿ, 21 ವ್ಯಾಟಿನ ಕಾರ್ ಬಲ್ಬು ಸಾಕು: 1.75 ಆಂಪಿಯರ್ ಆಸುಪಾಸು, ಅಂದರೆ ಸುಮಾರು 6.9 ಓಮ್. ವೋಲ್ಟೇಜ್ ಅಳೆಯುವಾಗ ಮೀಟರನ್ನು ಬಲ್ಬಿನ ಎರಡು ತುದಿಗೆ ಹಿಡಿಯಬೇಕು, ಕರೆಂಟ್ ಅಳೆಯುವಾಗ ವೈರ್ ಬಿಚ್ಚಿ ಮೀಟರನ್ನು ನಡುವೆ ಸೇರಿಸಬೇಕು. ಆಂಪಿಯರ್‌ಗೆ ಇಟ್ಟ ಮೀಟರನ್ನು ನಾನೊಮ್ಮೆ ನೇರ ಬ್ಯಾಟರಿಗೇ ಹಿಡಿದು ಅದರ ಫ್ಯೂಸ್ ಸುಟ್ಟಿದ್ದೇನೆ.

ಇನ್ನೊಂದು ಕಡೆ ಎಡವುವುದು ಯಾವ ವೋಲ್ಟೇಜ್ ಹಾಕಬೇಕು ಅನ್ನುವುದರಲ್ಲಿ. 9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿ ಹಚ್ಚುತ್ತಿದ್ದೀರಿ, ಎಲ್‌ಇಡಿಯೇ 2 ವೋಲ್ಟ್ ತಿನ್ನುತ್ತದೆ. ಕರೆಂಟಿಗೆ ಮಿತಿ ಹಾಕಲು ಜೊತೆಗೆ ಸೇರಿಸುವ ರೆಸಿಸ್ಟರಿಗೆ ಉಳಿಯುವುದು 7. ಕರೆಂಟ್ 20 ಮಿಲಿಆಂಪಿಯರ್ (ಅಂದರೆ 0.02 ಆಂಪಿಯರ್) ಬೇಕಾದರೆ 7ನ್ನು 0.02ರಿಂದ ಭಾಗಿಸಿ, 350 ಓಮ್. 20 ಅಂತಲೇ ಹಾಕಿ ಭಾಗಿಸಿದರೆ ಅರ್ಧ ಓಮೂ ಬರುವುದಿಲ್ಲ, ಎಲ್‌ಇಡಿ ಒಂದೇ ಏಟಿಗೆ ಸುಟ್ಟುಹೋಗುತ್ತದೆ. ರೆಸಿಸ್ಟರಿನ ಪವರ್ 0.14 ವ್ಯಾಟ್, ಕಾಲು ವ್ಯಾಟಿನದು ಧಾರಾಳ ಸಾಕು.

ಮೇನ್ಸಿಗೆ, ಅಂದರೆ ಮನೆಯ 230 ವೋಲ್ಟ್ ಲೈನಿಗೆ, ಹಾಕುವ ಎಲ್‌ಇಡಿ ಬಲ್ಬು, ಚಾರ್ಜರುಗಳಿಗೆ ಮಾತ್ರ ವೋಲ್ಟೇಜನ್ನು ಕರೆಂಟಿನಿಂದ ಗುಣಿಸುವ ಈ ಲೆಕ್ಕ ನಂಬಬೇಡಿ. ಅಲ್ಲಿ ಪವರ್ ಫ್ಯಾಕ್ಟರ್ ಅಂತ ಇನ್ನೊಂದು ಇದೆ, ಅದು 0.5 ಇದ್ದರೆ ನಿಜವಾದ ವ್ಯಾಟ್ ನೀವು ಲೆಕ್ಕ ಹಾಕಿದ್ದರ ಅರ್ಧವೇ. ಅದಕ್ಕೆ ವ್ಯಾಟ್ ಮೀಟರೇ ಬೇಕು.