ಗಜನಿಯ ನಕ್ಷೆ, ಅಜ್ಜಿಯ ದನಿ: ಆರನೇ ವಾರ

ಚೌತಿಗೆ ಎಲ್ಲರೂ ಊರಿಗೆ ಬರುವಷ್ಟರಲ್ಲಿ ನಕ್ಷೆ ಜಗಲಿಯ ಗೋಡೆ ಏರಬೇಕು. ಆರಡಿ ಉದ್ದದ ಬಿಳಿ ಕೋರಾ ಬಟ್ಟೆಯ ಮೇಲೆ ನೀಲಿ ದಾರದಲ್ಲಿ ಅಘನಾಶಿನಿ ನದಿ, ಕಂದು ದಾರದಲ್ಲಿ ನಮ್ಮ ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ) ಒಡ್ಡು, ತೂಬು. ಒಂದೊಂದು ಜಾಗಕ್ಕೂ ಒಂದು ಕ್ಯೂಆರ್ ಕೋಡ್. ಮೊಬೈಲ್ ಹಿಡಿದರೆ ಅಲ್ಲಿಯ ಕತೆ ಅಜ್ಜಿಯ ಬಾಯಲ್ಲೇ ಕೇಳುತ್ತದೆ.

ಕುಮಟಾ ಕಡೆಯವರಿಗೆ ಕಗ್ಗ ಗೊತ್ತು: ಉಪ್ಪುನೀರು ತಡೆದುಕೊಳ್ಳುವ ಭತ್ತ. ಕೊಯ್ಲು ಮುಗಿದರೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಿದ್ದರು. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿತು, ಸಂತೋಷ. ಆದರೆ ಆ ನೀರಲ್ಲಿ ನಿಂತು ದುಡಿದ ಹೆಂಗಸರ ಮಾತು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಮನೆಯವರೇ ಉಳಿಸಿಕೊಳ್ಳಬೇಕು.

ಮೊದಲ ರೆಕಾರ್ಡಿಂಗ್‌ನ ನಲವತ್ತು ನಿಮಿಷ ಫ್ಯಾನಿನ ಸದ್ದಿಗೆ ಹೋಯಿತು. ಮರುದಿನ ಒಳಕೋಣೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಮಡಚಿದ ಟವೆಲ್ ಮೇಲೆ ಫೋನ್ ಇಟ್ಟು, ಅಜ್ಜಿಯಿಂದ ಒಂದು ಗೇಣು ದೂರದಲ್ಲಿ ಕೂತೆ. ದನಿ ಸ್ವಚ್ಛವಾಗಿ ಬಂತು. ಮಾತು ಮಾತ್ರ ಬರಲಿಲ್ಲ. "ಆಗ ಹೇಗಿತ್ತು ಅಜ್ಜಿ?" ಎಂದರೆ "ಕಷ್ಟ ಇತ್ತು" ಅಷ್ಟೆ.

ಪರಿಚಯದವರ ಮನೆಯಿಂದ ಒಂದು ಹಿಡಿ ಕಗ್ಗದ ತೆನೆ ತಂದು ಅವಳ ಕೈಗಿಟ್ಟೆ. ಹೆಬ್ಬೆರಳಲ್ಲಿ ಉಜ್ಜಿ ಹೊಟ್ಟು ಊದಿದಳು, ಒಂದು ಕಾಳು ಹಲ್ಲಿಗಿಟ್ಟಳು. "ನೀರು ಬಂದದ್ದು ಮೊದಲು ಮೂಗಿಗೆ ಗೊತ್ತಾಗೂದು ತಮಾ, ಕಣ್ಣಿಗೆ ಆಮೇಲೆ." ಅಲ್ಲಿಂದ ಇಪ್ಪತ್ತೆರಡು ನಿಮಿಷ ತಾನೇ ಹೇಳಿದಳು. ನಡುವಿನ ಮೌನ ಒಂದನ್ನೂ ಕತ್ತರಿಸಿಲ್ಲ, ಕತ್ತರಿಸುವುದೂ ಇಲ್ಲ.

ಬಟ್ಟೆಯ ಮೇಲೆ ಕೋಡ್‌ನ ಶಾಯಿ ಹರಡಿ ಓದುತ್ತಿರಲಿಲ್ಲ. ಎರಡು ಇಂಚಿನದನ್ನು ಮೂರಕ್ಕೇರಿಸಿ, ದೋಷ ಸರಿಪಡಿಸುವ ಮಟ್ಟವನ್ನು 'ಎಚ್'ಗೆ ಇಟ್ಟೆ. ಆಗ ಸುಮಾರು 30% ಅಳಿಸಿದರೂ ಕೋಡ್ ಓದುತ್ತದೆ. ಮೂಲ ಧ್ವನಿ ವೇವ್ ಫೈಲ್‌ನಲ್ಲೇ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿದೆ, ಒಂದು ತಂಗಿಯ ಮನೆಯಲ್ಲಿ. ಹಂಚುವುದಕ್ಕೆ ಎಂಪಿ3.

ಮೊನ್ನೆ ದೊಡ್ಡಪ್ಪ ನಕ್ಷೆ ನೋಡಿ ತೂಬಿನ ಮೇಲೆ ಬೆರಳಿಟ್ಟರು. "ಇದು ಇಲ್ಲಲ್ಲ, ಆ ಹೊಂಗೆಮರದ ಆಚೆ." ಅಜ್ಜಿ ಒಪ್ಪಲಿಲ್ಲ. ಇಬ್ಬರ ಮಾತನ್ನೂ ರೆಕಾರ್ಡ್ ಮಾಡಿದೆ. ತೂಬಿನ ಹತ್ತಿರ ಈಗ ಎರಡು ಕೋಡ್, ನಾಲ್ಕು ಬೆರಳು ಅಂತರದಲ್ಲಿ. ಭಾನುವಾರ ಭರತಕ್ಕೆ, ಅಂದರೆ ನೀರು ಉಬ್ಬರಿಸುವ ಹೊತ್ತಿಗೆ, ಇಬ್ಬರನ್ನೂ ಒಡ್ಡಿನ ಮೇಲೆ ಕರೆದೊಯ್ಯುತ್ತೇನೆ.