ಕಾಲು ಮಿಲಿಗ್ರಾಂ

1943ರ ಏಪ್ರಿಲ್ 19ರಂದು ಸ್ವಿಸ್ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಭ್ರಮೆ ಹುಟ್ಟಿಸುವ ಮಾದಕ ವಸ್ತು ಎಲ್‌ಎಸ್‌ಡಿಯನ್ನು ಕಾಲು ಮಿಲಿಗ್ರಾಂ ತಗೊಂಡು ಸೈಕಲ್ಲಲ್ಲಿ ಮನೆಗೆ ಹೋದ ಕಥೆ ಎಲ್ಲರೂ ಹೇಳ್ತಾರೆ. ನನಗಿಷ್ಟ ಆಮೇಲಿನದು: ವಿಷ ಇಳಿಯಲಿ ಅಂತ ಹಾಲು ತರಿಸಿದರೆ, ತಂದುಕೊಟ್ಟ ಪಕ್ಕದ ಮನೆಯಾಕೆ ಬಣ್ಣದ ಮುಖವಾಡ ತೊಟ್ಟ ಮಾಟಗಾತಿಯಂತೆ ಕಂಡಳಂತೆ! ಡಾಕ್ಟರ್ ಬಂದು ನೋಡಿದರೆ, ಕಣ್ಣಪಾಪೆ ಹಿಗ್ಗಿದ್ದು ಬಿಟ್ಟರೆ ಏನೂ ಇಲ್ಲ.

ಐವತ್ತರ ದಶಕದಲ್ಲಿ ಕೆನಡಾದಲ್ಲಿ ಮನೋವೈದ್ಯ ಹಂಫ್ರಿ ಆಸ್ಮಂಡ್ ಇದನ್ನೇ ಕುಡಿತ ಬಿಡಿಸೋಕೆ ಕೊಟ್ಟು ನೋಡಿದರು. ಆ ಪ್ರಯೋಗಗಳಲ್ಲಿ ಲೋಪ ಇತ್ತು, ಒಪ್ಪೋಣ. ಆದರೆ 1970ರಲ್ಲಿ ಅಮೆರಿಕ ಇದನ್ನು ಮಾದಕ ವಸ್ತುಗಳ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದಾಗ ಬೀದಿಯ ಜೊತೆ ಲ್ಯಾಬಿಗೂ ಬೀಗ ಬಿದ್ದಂತಾಯ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. 1966ರಲ್ಲೇ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಅಧಿಕಾರಿಗಳನ್ನು ಕೇಳಿದ್ದರು: ಆರು ತಿಂಗಳ ಹಿಂದೆ ಉಪಯೋಗಕ್ಕೆ ಬರುತ್ತಿದ್ದ ಸಂಶೋಧನೆ ಈಗ ಯಾಕೆ ಬೇಡವಾಯ್ತು ಅಂತ.